ಗಡಿ ದಾಟುವ ಹಿಂಬಂಡಿಯ ನಂಬರು

ಕಬ್ಬು ಹೊತ್ತು ಸಕ್ಕರೆಯ ಕಾರ್ಖಾನೆಗೆ ಹೋಗುವ ಟ್ರ್ಯಾಕ್ಟರನ್ನು ಕಂಡ ವಾಚಕರು ಬಲ್ಲರು: ಎಳೆಯುವ ಯಂತ್ರಕ್ಕೆ ಒಂದು ನಂಬರು, ಹಿಂದಿನ ಟ್ರೇಲರಿಗೆ ಇನ್ನೊಂದು. ನಮ್ಮ ೧೯೮೮ನೆಯ ಮೋಟಾರು ವಾಹನಗಳ ಕಾನೂನಿನಂತೆ ಟ್ರೇಲರೂ ಒಂದು ವಾಹನವೇ. ಬ್ರಿಟನ್ನಿನ ಪದ್ಧತಿ ಹಾಗಲ್ಲ. ಅಲ್ಲಿ ಹಿಂಬಂಡಿಯು ಮುಂದಿನ ಕಾರಿನ ನಂಬರನ್ನೇ ಬೆನ್ನಿಗೆ ಕಟ್ಟಿಕೊಂಡು ಹೋಗುವುದು; ನಾಳೆ ನೆರೆಯವರ ಕಾರು ಎಳೆದರೆ ನಂಬರೂ ನೆರೆಯವರದೇ ಆಗುವುದು. ಇದು ನಮಗೆ ವಿಚಿತ್ರವಾಗಿ ತೋರುತ್ತದೆ.

ಆ ದೇಶದ ಅನೇಕ ಸಂಸಾರಗಳು ಬೇಸಿಗೆಯಲ್ಲಿ ಕ್ಯಾರವಾನನ್ನು ಕಾರಿಗೆ ಬಿಗಿದುಕೊಂಡು ಕಡಲು ದಾಟಿ ಫ್ರಾನ್ಸು ಮೊದಲಾದ ದೇಶಗಳಿಗೆ ಹೋಗುವುದುಂಟು. ಕ್ಯಾರವಾನೆಂದರೆ ಹಾಸಿಗೆ, ಒಲೆ, ಪಾತ್ರೆಗಳ ಸಮೇತ ಗಾಲಿಯ ಮೇಲೆ ನಿಂತ ಚಿಕ್ಕ ಮನೆ. ರಸ್ತೆ ಸಂಚಾರದ ವಿಷಯವಾಗಿ ೧೯೬೮ರಲ್ಲಿ ವಿಯೆನ್ನಾ ನಗರದಲ್ಲಿ ಆದ ಒಪ್ಪಂದಕ್ಕೆ ಬ್ರಿಟನ್ನು ಆಗಲೇ ರುಜು ಹಾಕಿತ್ತಾದರೂ, ಅದನ್ನು ಸ್ಥಿರಪಡಿಸಿದ್ದು ೨೦೧೮ರ ಮಾರ್ಚಿಯಲ್ಲಿ, ಯುರೋಪಿನ ಒಕ್ಕೂಟವನ್ನು ಬಿಡುವ ಸಿದ್ಧತೆಯ ಕಾಲದಲ್ಲಿ. ಐವತ್ತು ವರ್ಷಗಳ ಈ ಸಾವಧಾನಕ್ಕೆ ಏನೆನ್ನೋಣ!

೨೦೧೯ರ ಮಾರ್ಚಿ ೨೮ರಿಂದ ಕಟ್ಟಳೆ ಜಾರಿಗೆ ಬಂದಿತು. ಆ ಒಪ್ಪಂದವನ್ನು ಸ್ಥಿರಪಡಿಸಿದ ಪರದೇಶಗಳಿಗೆ ಹೋಗುವ ಹಿಂಬಂಡಿಯು ವ್ಯಾಪಾರದ್ದಾಗಿದ್ದು, ಹೇರು ಸಹಿತ ಒಟ್ಟು ತೂಕ ೭೫೦ ಕಿಲೋಗ್ರಾಮಿಗೆ ಮೀರಿದರೆ, ಅದನ್ನು ಮೊದಲೇ ರಿಜಿಸ್ಟರು ಮಾಡಿಸತಕ್ಕದ್ದು. ೩೫೦೦ ಕಿಲೋಗ್ರಾಮಿಗೆ ಮೀರಿದ್ದು ಯಾರದಾದರೂ, ಯಾವ ಕೆಲಸದ್ದಾದರೂ ಬಿಡತಕ್ಕದ್ದಲ್ಲ. ಐರ್ಲೆಂಡಿಗೆ ಮಾತ್ರ ಹೋಗಿಬರುವವರಿಗೆ ಈ ತೊಡಕಿಲ್ಲ. ರಿಜಿಸ್ಟರಾದ ಬಂಡಿಗೆ ಒಂದು ಅಕ್ಷರ, ಏಳು ಅಂಕಿಗಳ ಸ್ವಂತ ನಂಬರು ದೊರೆಯುವುದು. ಅದರ ಫಲಕವನ್ನು ಕಾರಿನ ನಂಬರಿನಿಂದ ಬೇರೆಯಾಗಿ ಹಿಂದುಗಡೆ ಹಾಕಿ, ಪತ್ರವನ್ನು ಜೊತೆಯಲ್ಲಿಟ್ಟುಕೊಂಡಿರಬೇಕು.

ಸಂಸಾರದ ಕ್ಯಾರವಾನುಗಳು ಸಾಮಾನ್ಯವಾಗಿ ೩೫೦೦ರ ಒಳಗೇ ಇರುವುದರಿಂದ ಅವುಗಳಿಗೆ ಬಲಾತ್ಕಾರವಿಲ್ಲ. ಆದರೂ ೭೫೦ ಮೀರಿದವನ್ನು ಇಚ್ಛೆಯಿದ್ದರೆ ರಿಜಿಸ್ಟರು ಮಾಡಿಸಬಹುದು. ಮಾಡಿಸುವುದೇ ಲೇಸೆಂದು ನಮ್ಮ ಅಭಿಪ್ರಾಯ. ಪ್ರತಿ ಹಿಂಬಂಡಿಗೂ ಅದರದೇ ನಂಬರನ್ನು ಕಂಡು ಅಭ್ಯಾಸವಾದ ಪರದೇಶದ ಪೋಲೀಸಿನವನು ದಾರಿಯಲ್ಲಿ ತಡೆದು ಕೇಳಿದರೆ, ಮಕ್ಕಳುಮರಿಗಳನ್ನು ಬಿಸಿಲಲ್ಲಿ ಕೂರಿಸಿಕೊಂಡು ತಿಳಿಯದ ಭಾಷೆಯಲ್ಲಿ ವಾದಿಸುವುದಕ್ಕಿಂತ ಒಂದು ಕಾಗದ ತೋರಿಸುವುದು ಸುಲಭ. ಅಲ್ಲಿ ನೆಲೆಸಿರುವ ನಮ್ಮವರು ಇದನ್ನು ನೆನಪಿನಲ್ಲಿಡಲಿ. ೨೦೨೧ರ ಸೆಪ್ಟೆಂಬರಿನಿಂದ ದೇಶದ ಗುರುತು 'ಜಿ.ಬಿ.' ಹೋಗಿ 'ಯು.ಕೆ.' ಆಗಿದೆ, ಹಳೆಯ ಚೀಟಿಯನ್ನು ಕಿತ್ತುಹಾಕಬೇಕು.

ನಮ್ಮ ಮನಸ್ಸನ್ನು ಕಲಕಿದ್ದು ಇನ್ನೊಂದು ಸಂಗತಿ. ೨೦೧೪ರ ಜನವರಿಯಲ್ಲಿ ಬ್ರಿಸ್ಟಲ್ ನಗರದಲ್ಲಿ ಹಿಂಬಂಡಿಯೊಂದು ಕೊಂಡಿ ಕಳಚಿ ನುಗ್ಗಿ, ತಾಯಿಯೊಡನೆ ನಡೆದುಹೋಗುತ್ತಿದ್ದ ಮೂರು ವರ್ಷದ ಕೂಸನ್ನು ಬಲಿ ತೆಗೆದುಕೊಂಡಿತು. ತಾಯಿತಂದೆಗಳು ಕಟ್ಟುನಿಟ್ಟಾದ ಕಾನೂನಿಗಾಗಿ ಶ್ರಮಪಟ್ಟರು. ೨೦೧೮ರ ಕಾನೂನು ಮಾಡುವಾಗ, ಹೆಚ್ಚಿನ ಹಿಂಬಂಡಿಗಳಿಗೂ ರಿಜಿಸ್ಟರಿ, ಕಾಲಕಾಲಕ್ಕೆ ಪರೀಕ್ಷೆ ಬೇಕೇ ಎಂಬುದನ್ನು ವಿಚಾರಿಸಿ ಮಂತ್ರಿಯು ವರದಿ ಒಪ್ಪಿಸತಕ್ಕದ್ದೆಂದು ವಿಧಿಸಿದರು. ಆದರೂ ಊರೊಳಗೇ ಓಡಾಡುವ ಚಿಕ್ಕ ಹಿಂಬಂಡಿಗೆ ಸ್ವಂತ ನಂಬರು ಕಡ್ಡಾಯವಾಗಲಿಲ್ಲ. ೨೦೨೧ರ ಡಿಸೆಂಬರಿನಲ್ಲಿ ಹಿಂಬಂಡಿ ಎಳೆಯುವವರಿಗಿದ್ದ ಪ್ರತ್ಯೇಕ ಪರೀಕ್ಷೆಯನ್ನೂ ತೆಗೆದುಹಾಕಿದರು. ಗಡಿಯಾಚೆಯ ಅಧಿಕಾರಿಗೆ ತೋರಿದ ಮರ್ಯಾದೆಯನ್ನು ತಮ್ಮ ಬೀದಿಯ ಮಗುವಿಗೂ ತೋರಬಾರದಿತ್ತೇ?

ಕಾನೂನು ಕೇಳಲಿ, ಬಿಡಲಿ, ಹೊರಡುವ ಮೊದಲು ಕೊಂಡಿ ಸರಿಯಾಗಿ ಕೂತಿದೆಯೇ, ಅದು ಕಳಚಿದೊಡನೆ ಹಿಂಬಂಡಿಯ ಬ್ರೇಕನ್ನು ಎಳೆಯುವ ಉಕ್ಕಿನ ತಂತಿಯನ್ನು ಕಾರಿಗೆ ಸಿಕ್ಕಿಸಿದೆಯೇ ಎಂದು ಯಜಮಾನರು ತಾವೇ ಬಗ್ಗಿ ನೋಡತಕ್ಕದ್ದು.