ಹೊಲದ ಕಾವಲಿಗೆ ಮೊದಲ ಬಂದೂಕು

ಹೊಲದಲ್ಲಿ ಬೆಳೆದುದೆಲ್ಲವೂ ಮನೆಯ ಕಣಜಕ್ಕೆ ಬರುವುದಿಲ್ಲವೆಂಬುದು ಒಕ್ಕಲುತನದಷ್ಟೇ ಹಳೆಯ ಮಾತು. ರಾಗಿಯ ತೆನೆ ಹಾಲುದುಂಬುವ ಹೊತ್ತಿಗೆ ಹಕ್ಕಿಗಳ ಹಿಂಡು ಇಳಿಯುವುದು. ಅವರೆ, ಅಲಸಂದೆಗಳ ಎಳೆಯ ಚಿಗುರನ್ನು ಮೊಲ ಕತ್ತರಿಸುವುದು. ನೆಲದೊಳಗಿನ ಕಡಲೆಕಾಯಿಯನ್ನೂ ಗೆಣಸನ್ನೂ ಹೆಗ್ಗಣ ಹುಡುಕಿ ತೆಗೆಯುವುದು. ಮಾಗಿದ ತೆನೆಯನ್ನು ಕಡಿದು ಬಿಲದೊಳಗೆ ಕೂಡಿಟ್ಟುಕೊಳ್ಳುವುದಂತೂ ಹೆಗ್ಗಣದ ಹುಟ್ಟುಗುಣ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳಲ್ಲಿ ಮನೆ ಮಾಡಿಕೊಂಡು, ಕೆಂಗೇರಿಯಿಂದಾಚೆ ರಾಮೋಹಳ್ಳಿ, ತಾವರೆಕೆರೆಗಳ ಕಡೆ ಹಿರಿಯರು ಬಿಟ್ಟುಹೋದ ಒಂದೆರಡು ಎಕರೆಯನ್ನು ಭಾನುವಾರಗಳಲ್ಲಿ ನೋಡಿಕೊಂಡು ಬರುವ ವಿದ್ಯಾವಂತರು ನಮ್ಮಲ್ಲಿ ಅನೇಕರುಂಟು. ಇಂಥವರ ಮನಸ್ಸಿನಲ್ಲಿ ಎಂದಾದರೊಂದು ದಿನ ‘ಕೈಯಲ್ಲೊಂದು ಬಂದೂಕಿದ್ದಿದ್ದರೆ’ ಎಂಬ ಯೋಚನೆ ಹುಟ್ಟುವುದು ಸಹಜವೇ. ಆದರೆ ಯಾವ ಬಂದೂಕು? ಈ ಪ್ರಶ್ನೆಗೆ ಉತ್ತರವನ್ನು ಅಂಗಡಿಯ ಮುಂದೆ ನಿಂತು ಹುಡುಕುವುದಕ್ಕಿಂತ ನಮ್ಮ ಹೊಲದ ಬದುವಿನ ಮೇಲೆ ನಿಂತು ಹುಡುಕುವುದು ಲೇಸು ಎಂಬುದೇ ನಾವು ಇಂದು ಹೇಳಬೇಕೆಂದಿರುವ ಮಾತಿನ ಸಾರ.

ಮೊದಲು ಹೆಸರುಗಳ ಗೊಂದಲವನ್ನು ಕಳೆದುಕೊಳ್ಳೋಣ. ಎಲ್ಲ ಬಂದೂಕೂ ರೈಫಲಲ್ಲ. ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಗೆರೆಗಳನ್ನು ಕೊರೆದಿದ್ದರೆ ಮಾತ್ರ ಅದು ರೈಫಲು. ಗುಂಡು ಆ ಗೆರೆಗಳನ್ನು ಹಿಡಿದು ತಿರುಗುತ್ತ ಹೊರಬೀಳುವುದು. ತಿರುಗುವ ಬುಗುರಿ ಬೀಳದೆ ನಿಲ್ಲುವಂತೆ, ತಿರುಗುವ ಗುಂಡು ಹೊರಳಾಡದೆ ನೆಟ್ಟಗೆ ಸಾಗುವುದು. ಮಲೆನಾಡಿನಲ್ಲಿ ಬಳಕೆಯಲ್ಲಿರುವ ತೋಟಾಕೋವಿಗೂ ಕೇಪಿನ ಕೋವಿಗೂ ಇಂಥ ಗೆರೆಗಳಿಲ್ಲ. ಅವುಗಳ ನಳಿಗೆ ನುಣುಪು. ಅವು ಸಾಮಾನ್ಯವಾಗಿ ಚರೆಗಳನ್ನು ಹತ್ತಿರದಲ್ಲಿ ಎರಚುವುವು. ರೈಫಲಾದರೋ ಒಂದೇ ಗುಂಡನ್ನು ದೂರದ ಒಂದೇ ಗುರಿಗೆ ಕಳುಹಿಸುವುದು. ಮೂರನೆಯದು ಗಾಳಿ ಬಂದೂಕು. ಪೇಟೆಯಲ್ಲಿ ಇದನ್ನು ಏರ್‌ಗನ್ ಎನ್ನುವರು. ಇದರಲ್ಲಿ ಮದ್ದಿಲ್ಲ, ಒತ್ತಿದ ಗಾಳಿಯೇ ಸೀಸದ ಚಿಕ್ಕ ಪೆಲೆಟ್ಟನ್ನು ತಳ್ಳುವುದು. ಆದರೂ ಇದರ ನಳಿಗೆಯಲ್ಲಿ ಸುರುಳಿ ಗೆರೆಗಳಿದ್ದರೆ ಇದೂ ಜಾತಿಯಲ್ಲಿ ರೈಫಲೇ.

ಇನ್ನು ಬದುವಿನ ಮೇಲೆ ನಿಂತು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ: ಹೊಡೆಯಬೇಕಾದ ಪ್ರಾಣಿ ಯಾವುದು? ರೈತನ ಕಣ್ಣಿಗೆ ಪೈರು ತಿನ್ನುವ ಜೀವಿಯೆಲ್ಲವೂ ಪೀಡೆಯೇ. ಕಾನೂನಿನ ಕಣ್ಣು ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಮೊಲ, ಕಾಡುಹಂದಿ, ಕೋತಿ, ಗಿಳಿ, ನವಿಲು, ಇವೆಲ್ಲ ರಕ್ಷಿತ ಜೀವಿಗಳು. ನವಿಲು ಮೊದಲನೆಯ ಅನುಸೂಚಿಯಲ್ಲಿರುವುದರಿಂದ ಅದನ್ನು ಕೊಂದವನಿಗೆ ಮೂರು ವರ್ಷಕ್ಕೆ ಕಡಮೆಯಿಲ್ಲದ ಸೆರೆವಾಸವುಂಟು. ಹೊಲ ನಮ್ಮದೆಂಬುದಾಗಲಿ, ಬಂದೂಕು ಬರಿಯ ಗಾಳಿಯದೆಂಬುದಾಗಲಿ ಇಲ್ಲಿ ಸಮಾಧಾನವಾಗಲಾರದು. ಹಿಂದೆ ಇದೇ ಕಾಯಿದೆಯ ಐದನೆಯ ಅನುಸೂಚಿಯಲ್ಲಿ ಕಾಗೆ, ಹಣ್ಣು ತಿನ್ನುವ ಬಾವಲಿ, ಇಲಿಗಳನ್ನು ಪೀಡಕ ಪ್ರಾಣಿಗಳೆಂದು ಹೆಸರಿಸಿದ್ದರು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಾಗ ಆ ಪಟ್ಟಿಯೇ ಇಲ್ಲವಾಯಿತು. ಈಗ ಯಾವುದಾದರೂ ವನ್ಯಪ್ರಾಣಿಯನ್ನು ಪೀಡಕವೆಂದು ಸಾರಬೇಕಾದರೆ ಕೇಂದ್ರ ಸರ್ಕಾರವೇ, ಇಂಥ ಪ್ರದೇಶಕ್ಕೆ, ಇಷ್ಟು ಕಾಲಕ್ಕೆ ಎಂದು ಪ್ರಕಟಣೆ ಹೊರಡಿಸಬೇಕು. 2015ರಲ್ಲಿ ಬಿಹಾರದ ನೀಲಗಾಯಿಗೂ, 2016ರಲ್ಲಿ ಹಿಮಾಚಲ ಪ್ರದೇಶದ ಕೋತಿಗೂ ಹಾಗೆ ಪ್ರಕಟಣೆ ಹೊರಟಿತ್ತು. ಇದಲ್ಲದೆ, ನಿಂತ ಬೆಳೆಗೆ ಅಪಾಯ ತರುವ ಎರಡನೆಯ ಅನುಸೂಚಿಯ ಪ್ರಾಣಿಯನ್ನು ಕೊಲ್ಲಲು ಮುಖ್ಯ ವನ್ಯಜೀವಿ ಪರಿಪಾಲಕರೂ ಅವರಿಂದ ಅಧಿಕಾರ ಪಡೆದವರೂ ಲಿಖಿತ ಅನುಮತಿ ಕೊಡಬಹುದು. ಅಂಥ ಕಾಗದವಿಲ್ಲದೆ ಹಾರಿಸಿದ ಗುಂಡು ಅಪರಾಧವೇ ಸರಿ. ಬೀದಿನಾಯಿಗೆ ಹೊಡೆಯುವುದೂ ಪ್ರಾಣಿಹಿಂಸೆಯ ಅಪರಾಧವೆಂಬುದನ್ನು ಇದರೊಡನೆ ನೆನಪಿಡಬೇಕು.

ಹೀಗೆ ಒಂದೊಂದನ್ನೇ ಕಳೆಯುತ್ತ ಬಂದರೆ ಹೊಲದ ಸಣ್ಣ ಪೀಡೆಗಳಲ್ಲಿ ನಮ್ಮ ಪಾಲಿಗೆ ಉಳಿಯುವುದು, ರೈತರು ಹಿಂದಿನಿಂದಲೂ ಬೋನು, ಪಾಷಾಣಗಳಿಂದ ಹತೋಟಿಯಲ್ಲಿಡುತ್ತ ಬಂದಿರುವ ಇಲಿ, ಹೆಗ್ಗಣಗಳು ಮಾತ್ರ. ಅಲ್ಲಿಯೂ ಹಳೆಯ ಪಟ್ಟಿಯನ್ನು ನೆಚ್ಚದೆ ವಲಯ ಅರಣ್ಯಾಧಿಕಾರಿಯವರನ್ನು ಒಮ್ಮೆ ವಿಚಾರಿಸಿಕೊಳ್ಳುವುದು ವಿವೇಕ.

ಎರಡನೆಯ ಪ್ರಶ್ನೆ ಇದಕ್ಕಿಂತಲೂ ಗುರುತರವಾದುದು: ಗುರಿ ತಪ್ಪಿದ ಗುಂಡು ಎಲ್ಲಿಗೆ ಹೋಗಿ ನಿಲ್ಲುವುದು? ಹೊಸಬನ ಗುಂಡು ತಪ್ಪದೆ ಇರುವುದಿಲ್ಲ. ತಗುಲಿದ ಗುಂಡೂ ಕೆಲವೊಮ್ಮೆ ಪ್ರಾಣಿಯನ್ನು ಹಾಯ್ದು ಮುಂದಕ್ಕೆ ಹೋಗುವುದು, ಇಲ್ಲವೆ ಕಲ್ಲಿಗೆ ಬಡಿದು ದಿಕ್ಕು ಬದಲಿಸುವುದು. ಪಶ್ಚಿಮ ಬೆಂಗಳೂರಿನ ಅಂಚನ್ನು ನೋಡಿರಿ. ಮೆಟ್ರೋ ರೈಲು 2021ರಲ್ಲಿ ಕೆಂಗೇರಿಯನ್ನೂ 2023ರಲ್ಲಿ ಚಲ್ಲಘಟ್ಟವನ್ನೂ ಮುಟ್ಟಿತು. ರಾಗಿಯ ಹೊಲದ ಪಕ್ಕದಲ್ಲಿಯೇ ನಿವೇಶನಗಳ ಕಲ್ಲು ನಟ್ಟಿದ್ದಾರೆ. ಅದರಾಚೆ ಮೂರಂತಸ್ತಿನ ಮನೆ, ಶಾಲೆ, ಕಾಲೇಜು. ಬದುವಿನ ಹಿಂದೆ ಹುಲ್ಲು ಕೊಯ್ಯುತ್ತ ಬಾಗಿರುವ ಹೆಂಗಸು ಗುರಿ ಹಿಡಿದವನ ಕಣ್ಣಿಗೆ ಕಾಣಿಸುವುದಿಲ್ಲ. ನಮ್ಮ ಪೈರನ್ನು ಉಳಿಸಹೋಗಿ ನೆರೆಯವನ ಮಗುವಿನ ಕಣ್ಣನ್ನು ಕಳೆದರೆ ಆ ನಷ್ಟವನ್ನು ಯಾವ ಸುಗ್ಗಿ ತುಂಬಿಕೊಟ್ಟೀತು?

ಇಲ್ಲಿ ಕೆಲವು ಅಂಕಿಗಳನ್ನು ಹೇಳುವುದು ಅವಶ್ಯಕ. ಸಣ್ಣ ಬೇಟೆಗೆ ಲೋಕದ ಅನೇಕ ದೇಶಗಳಲ್ಲಿ ಮೊದಲ ರೈಫಲೆಂದು ಹೇಳುವುದು ಪಾಯಿಂಟ್ ಟೂಟೂ ಎಂಬುದನ್ನು. ಅದರ ಗುಂಡಿನ ತೂಕ ಸುಮಾರು 2.6 ಗ್ರಾಂ; ಸೆಕೆಂಡಿಗೆ ಸುಮಾರು 330 ಮೀಟರು ವೇಗದಲ್ಲಿ ಹೊರಟಾಗ ಅದರ ಶಕ್ತಿ 140 ಜೌಲುಗಳಷ್ಟು. ನಳಿಗೆಯನ್ನು ಸ್ವಲ್ಪ ಮೇಲಕ್ಕೆತ್ತಿ ಹಾರಿಸಿದರೆ ಆ ಗುಂಡು ಒಂದೂವರೆ ಕಿಲೋಮೀಟರನ್ನೂ ಮೀರಿ ಹೋಗಬಲ್ಲುದು. ಗಾಳಿ ಬಂದೂಕಿನ 4.5 ಮಿಲಿಮೀಟರು ಪೆಲೆಟ್ಟಿನ ತೂಕ ಅರ್ಧ ಗ್ರಾಮಿನ ಸುಮಾರು; ಸೆಕೆಂಡಿಗೆ 170 ಮೀಟರು ವೇಗದಲ್ಲಿ ಅದರ ಶಕ್ತಿ ಏಳೆಂಟು ಜೌಲು. ಹಗುರವಾದುದರಿಂದ ಗಾಳಿಯ ತಡೆಗೆ ಬೇಗ ಸೋತು, ಮುನ್ನೂರು ನಾನ್ನೂರು ಮೀಟರಿನೊಳಗೆ ನೆಲಕ್ಕೆ ಬೀಳುವುದು. ಮೈಲಿಗಟ್ಟಲೆ ಬಯಲಿರುವ ಆಸ್ಟ್ರೇಲಿಯಾದ ಹುಲ್ಲುಗಾವಲಿಗೆ ಒಪ್ಪುವ ಆಯುಧ ಕೆಂಗೇರಿಯ ಎರಡೆಕರೆಗೆ ಒಪ್ಪದೆಂಬುದು ಈ ಲೆಕ್ಕದಿಂದಲೇ ತಿಳಿಯುವುದು.

ಮೂರನೆಯ ಪ್ರಶ್ನೆ ಪರವಾನಗಿಯದು. 1959ರ ಆಯುಧ ಕಾಯಿದೆ ಬೆಳೆ ರಕ್ಷಣೆಯ ಮಾತನ್ನು ಆಡುವಾಗ ಹೆಸರಿಸುವುದು ರೈಫಲನ್ನಲ್ಲ, ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು. ಆತ್ಮರಕ್ಷಣೆಗೂ ಕ್ರೀಡೆಗೂ ಹೇಳುವುದು ಇಪ್ಪತ್ತು ಅಂಗುಲಕ್ಕೆ ಕಡಮೆಯಿಲ್ಲದ ನುಣುಪು ನಳಿಗೆಯ ಬಂದೂಕನ್ನು. ಮದ್ದಿನ ರೈಫಲು ಬೇಕೆನ್ನುವವನು ತಕ್ಕ ಕಾರಣವನ್ನು ತೋರಿಸಿ ಅಧಿಕಾರಿಗಳನ್ನು ಒಪ್ಪಿಸಬೇಕು. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿಯುಂಟು. ಅದನ್ನು 2029ರವರೆಗೆ ಮುಂದುವರಿಸಿದ್ದಾರೆ. ಆ ಸಂಪ್ರದಾಯವನ್ನು ಕಂಡು ಬೆಂಗಳೂರಿನವರು ತಮಗೂ ಅದೇ ನಡೆಯುವುದೆಂದು ತಿಳಿಯಬಾರದು. 2016ರ ಆಯುಧ ನಿಯಮಗಳ ಪ್ರಕಾರ, ನಳಿಗೆಯ ವ್ಯಾಸ 4.5 ಮಿಲಿಮೀಟರನ್ನೂ ಶಕ್ತಿ 20 ಜೌಲನ್ನೂ ಮೀರದ ಗಾಳಿ ಬಂದೂಕಿಗೆ ಪರವಾನಗಿ ಬೇಕಿಲ್ಲ. ಇವೆರಡರಲ್ಲಿ ಒಂದು ಮೀರಿದರೂ ಬೇಕು. ಅಂಗಡಿಯವನು ಗುರುತಿನ ಚೀಟಿ, ವಿಳಾಸಗಳನ್ನು ಕೇಳಿ ಬರೆದುಕೊಳ್ಳುವನು. ಕೇಳದೆ ಮಾರುವವನಲ್ಲಿ ಕೊಳ್ಳಬಾರದು.

ಮೂರು ಪ್ರಶ್ನೆಗಳ ಉತ್ತರವೂ ಒಂದೇ ಕಡೆಗೆ ಕೈತೋರಿಸುವುದನ್ನು ತಾವು ಗಮನಿಸಿರಬಹುದು. ನಮ್ಮ ಸುತ್ತಿನ ಹೊಲಕ್ಕೆ ಮೊದಲ ರೈಫಲೆಂದರೆ 4.5 ಮಿಲಿಮೀಟರಿನ ಸಾಧಾರಣ ಗಾಳಿ ರೈಫಲೇ. ಅದರಲ್ಲಿಯೂ ನಳಿಗೆಯನ್ನು ಬಗ್ಗಿಸಿ ಸ್ಪ್ರಿಂಗನ್ನು ಅದುಮುವ ಬಗೆ ಹೊಸಬನಿಗೆ ಮೇಲು. ಅದಕ್ಕೆ ಗಾಳಿ ತುಂಬುವ ಪಂಪು ಬೇಡ, ಸಿಲಿಂಡರು ಬೇಡ. ಕೆಡುವ ಭಾಗಗಳೂ ಕಡಮೆ. ಕೊಳ್ಳುವಾಗ ಬಂದೂಕನ್ನು ಭುಜಕ್ಕೆ ಏರಿಸಿ ನೋಡಬೇಕು. ಹಿಡಿಯ ಬುಡ ಭುಜದ ಕುಳಿಯಲ್ಲಿ ಕುಳಿತಾಗ ಕತ್ತನ್ನು ಚಾಚದೆಯೇ ಕಣ್ಣು ಗುರಿಯ ಸಾಲಿಗೆ ಬರಬೇಕು. ಬೆರಳು ಎಟುಕಾಡದೆ ಕುದುರೆಯನ್ನು ಮುಟ್ಟಬೇಕು. ನಳಿಗೆಯನ್ನು ಹತ್ತಾರು ಸಲ ಬಗ್ಗಿಸಿದರೂ ತೋಳು ನಡುಗಬಾರದು. ದಣಿದ ತೋಳು ಗುರಿ ತಪ್ಪಿಸುವುದು. ಹೆಚ್ಚು ವೇಗವೆಂದು ಪೆಟ್ಟಿಗೆಯ ಮೇಲೆ ಅಚ್ಚು ಹಾಕಿರುವುದನ್ನು ನೋಡಿ ಮರುಳಾಗುವುದಕ್ಕಿಂತ, ಕುದುರೆ ಮೃದುವಾಗಿ ಒಂದೇ ಸಮನೆ ಎಳೆಯುವುದೇ ಎಂದು ನೋಡುವುದು ಉತ್ತಮ. ದುರ್ಬೀನನ್ನು ಆಮೇಲೆ ಕೊಳ್ಳಬಹುದು. ಮೊದಲು ಬರಿಗಣ್ಣಿನ ಗುರಿಯನ್ನೇ ಕಲಿಯಬೇಕು.

ಕಲಿಯುವುದು ಕಾಗದದ ಮೇಲೆ. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ ಅವರು ಚಿನ್ನದ ಪದಕ ಗೆದ್ದುದು ಇದೇ 4.5 ಮಿಲಿಮೀಟರು ವ್ಯಾಸದ ಗಾಳಿ ರೈಫಲಿನಲ್ಲಿ, ಹತ್ತು ಮೀಟರು ದೂರದ ಕಾಗದದ ಗುರಿಯ ಮೇಲೆ. ಬೆಂಗಳೂರಿನಲ್ಲಿಯೇ ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆಯುಂಟು. ಬಲ್ಲವರ ಕೈಕೆಳಗೆ ಕೆಲವು ವಾರ ಕಲಿತವನು ವರ್ಷಗಟ್ಟಲೆಯ ಕೆಟ್ಟ ಅಭ್ಯಾಸವನ್ನು ತಪ್ಪಿಸಿಕೊಳ್ಳುವನು. ಹೊಲದಲ್ಲಿ ಅಭ್ಯಾಸ ಮಾಡುವುದಾದರೆ ಹಿಂದೆ ಮಣ್ಣಿನ ದಿಬ್ಬವಿರಬೇಕು. ಕಲ್ಲು ಗೋಡೆಯಾಗಲಿ ತಗಡಾಗಲಿ ಕೂಡದು. ಕಣ್ಣಿಗೆ ಕನ್ನಡಕ, ಮುಗಿಸಿದ ಮೇಲೆ ಕೈತೊಳೆಯುವುದು, ಎರಡೂ ಅಗತ್ಯ, ಸೀಸ ವಿಷ. ಒಂದು ಅಳತೆಯನ್ನು ಹೇಳುವೆವು. ಐದಕ್ಕೆ ಐದು ಪೆಲೆಟ್ಟೂ ಒಂದು ರೂಪಾಯಿಯ ನಾಣ್ಯದಷ್ಟು ಜಾಗದಲ್ಲಿ ಬೀಳುವ ದೂರ ಎಷ್ಟೋ, ಜೀವಿಯ ಮೇಲೆ ಹಾರಿಸಲು ಆತನ ಎಲ್ಲೆಯೂ ಅಷ್ಟೇ. ಹೊಸಬನಿಗೆ ಅದು ಹದಿನೈದು ಮೀಟರನ್ನು ದಾಟುವುದು ಅಪರೂಪ. ಗಾಯಗೊಂಡು ಬಿಲ ಸೇರಿ ಎರಡು ದಿನ ನರಳಿ ಸಾಯುವ ಹೆಗ್ಗಣಕ್ಕೂ ನೋವೆಂಬುದುಂಟು.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಮಾತನ್ನು ಮುಚ್ಚಿಡುವುದು ಸರಿಯಲ್ಲ. ಇಲಿಯ ಕಾಟವನ್ನು ಬಂದೂಕೊಂದರಿಂದ ಯಾರೂ ನಿಲ್ಲಿಸಿಲ್ಲ. ಹೆಣ್ಣು ಹೆಗ್ಗಣ ಸುಮಾರು ಮೂರು ವಾರ ಗರ್ಭ ಧರಿಸಿ ಒಂದೇ ಸೂಲಿಗೆ ಆರೆಂಟು ಮರಿ ಹಾಕುವುದು. ಅದು ಓಡಾಡುವುದು ಕತ್ತಲಲ್ಲಿ. ಬೇಟೆಗಾರನು ಸಂಜೆಯೆಲ್ಲ ಕಾದು ಎರಡನ್ನು ಹೊಡೆದರೆ ಬಿಲದಲ್ಲಿ ಎಂಟು ಹುಟ್ಟುವುವು. ಕಣಜದ ಗೂಬೆ, ಕೇರೆಹಾವು, ಮುಂಗುಸಿಗಳು ಕೂಲಿಯಿಲ್ಲದೆ ಪ್ರತಿರಾತ್ರಿ, ಪ್ರತಿಹಗಲು ಈ ಕೆಲಸವನ್ನು ಮಾಡುವುವು; ಅವನ್ನು ಅಪಶಕುನವೆಂದೋ ವಿಷವೆಂದೋ ಕೊಲ್ಲುವವನು ತನ್ನ ಕಾವಲುಗಾರರನ್ನೇ ಕೊಂದಂತೆ. ಬದುಗಳನ್ನು ಸಣ್ಣದಾಗಿಟ್ಟು ಬಿಲಗಳನ್ನು ಅಗೆಯುವುದು, ನೆರೆಯ ಹೊಲದವರೆಲ್ಲ ಒಂದೇ ವಾರದಲ್ಲಿ ಬೋನಿಡುವುದು, ಸುಗ್ಗಿಯಾದೊಡನೆ ಹುಲ್ಲನ್ನು ತೆರವು ಮಾಡುವುದು, ಇವುಗಳಿಂದ ದೊರೆಯುವ ಫಲ ಹೆಚ್ಚು. ಈ ಕೆಲಸಗಳು ಮುಗಿದ ಮೇಲೆ ದನದ ಕೊಟ್ಟಿಗೆಯಲ್ಲೋ ಮೇವಿನ ಮನೆಯಲ್ಲೋ ಉಳಿದ ಒಂದೆರಡು ಹಟಮಾರಿ ಹೆಗ್ಗಣಗಳಿಗೆ ಗಾಳಿ ಬಂದೂಕು ಸಾಕಾದ ಆಯುಧ.

ಗಾಳಿ ಬಂದೂಕನ್ನೂ ಆಟಿಕೆಯೆಂದು ಎಣಿಸಬಾರದು. ಅರುಣಾಚಲ ಪ್ರದೇಶದಲ್ಲಿ ಇವುಗಳಿಂದ ಹಕ್ಕಿಗಳ ಸಂತತಿ ಕುಗ್ಗುವುದನ್ನು ಕಂಡು, ಬಂದೂಕುಗಳನ್ನು ತಾವಾಗಿಯೇ ಒಪ್ಪಿಸುವಂತೆ ಜನರನ್ನು ಕೇಳುವ ಚಳವಳಿಯೊಂದು 2021ರ ಮಾರ್ಚಿಯಲ್ಲಿ ಆರಂಭವಾಯಿತು, ಅನೇಕರು ತಂದೊಪ್ಪಿಸಿದರು. ಬಂದೂಕನ್ನು ಬೀಗದೊಳಗೂ ಪೆಲೆಟ್ಟುಗಳನ್ನು ಬೇರೆಡೆಯಲ್ಲೂ ಇಡಬೇಕು. ಹಿರಿಯರು ಪಕ್ಕದಲ್ಲಿಲ್ಲದೆ ಹುಡುಗರ ಕೈಗೆ ಕೊಡಬಾರದು. ತುಂಬಿಲ್ಲವೆಂದು ಗೊತ್ತಿದ್ದರೂ ಮನುಷ್ಯರತ್ತ ತಿರುಗಿಸಬಾರದು. ಪ್ರಾಣಿ ಯಾವುದು, ಅದರ ಹಿಂದೆ ಏನಿದೆ, ಕಾನೂನು ಏನೆನ್ನುವುದು, ಈ ಮೂರನ್ನೂ ತಿಳಿದು ಕೆಲವೊಮ್ಮೆ ಕುದುರೆಯ ಮೇಲಿನ ಬೆರಳನ್ನು ತೆಗೆಯಬಲ್ಲವನಿಗೆ ಮಾತ್ರ ಬಂದೂಕು ತಕ್ಕುದು. ಆ ಸಂಯಮವಿಲ್ಲದವನು ಯಾವ ರೈಫಲನ್ನು ಆರಿಸಿದರೂ ಆಯ್ಕೆ ತಪ್ಪೇ ಆಗುವುದು.