ಬಿಚ್ಚಿ ಜೋಡಿಸಿದ ಎಂಜಿನು

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದ ನಮ್ಮ ಹಿರಿಯರಿಗೆ ಮೋಟಾರಿನ ಅನುಭವವಿರಲಿಲ್ಲ. ಇದ್ದಿದ್ದರೆ 'ಎಂಜಿನು ಬಿಚ್ಚಿಸಿ ನೋಡು' ಎಂಬ ಮೂರನೆಯ ಮಾತನ್ನೂ ಖಂಡಿತ ಸೇರಿಸುತ್ತಿದ್ದರು. ಹುಟ್ಟಿದ ಊರಿಗೂ ಹೊಟ್ಟೆಪಾಡಿನ ಊರಿಗೂ ನಡುವೆ ಓಡಾಡುತ್ತಲೇ ಅರ್ಧ ಆಯುಷ್ಯ ಕಳೆಯುವ ನಮ್ಮಂಥವರಿಗಂತೂ ಈ ಅನುಭವ ತಪ್ಪಿದ್ದಲ್ಲ.

2023ರ ಏಪ್ರಿಲ್ ತಿಂಗಳು. ಧಾರವಾಡದಲ್ಲಿ ನಮ್ಮ ದೊಡ್ಡಮ್ಮ ಬಿದ್ದು ಹಾಸಿಗೆ ಹಿಡಿದಿದ್ದರು. ಅವರನ್ನು ಕಣ್ಣಾರೆ ನೋಡಬೇಕೆಂದು ಅಮ್ಮನಿಗೆ ಒಂದೇ ತವಕ. ಎಂಬತ್ತರ ಅಮ್ಮನಿಗೆ ರೈಲಿನ ಮೆಟ್ಟಿಲು ಹತ್ತುವುದಾಗದು. ಆದುದರಿಂದ ನಮ್ಮ ಹಳೆಯ ಪೆಟ್ರೋಲ್ ಕಾರಿನಲ್ಲಿಯೇ ಪುಣೆಯಿಂದ ಹೊರಟೆವು. ಖಂಬಾಟಕಿ ಘಾಟಿನ ಏರಿನಲ್ಲಿ ಉಷ್ಣತೆಯ ಮುಳ್ಳು ಕೆಂಪು ಗೆರೆಯನ್ನು ಮುಟ್ಟಿತು. 'ಇನ್ನೇನು, ಘಾಟು ದಾಟಿಯೇ ನಿಲ್ಲಿಸೋಣ' ಎಂದು ನಡೆಸಿದೆವು. ದಾಟುವ ಮೊದಲೇ ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ಈ ಕಥೆಯ ಮೊದಲನೆಯ ತಪ್ಪು ಮೇಸ್ತ್ರಿಯದಲ್ಲ, ನಮ್ಮದೇ. ಮುಳ್ಳು ಏರಿದ ಕೂಡಲೇ ಬದಿಗೆ ನಿಲ್ಲಿಸಿ ಎಂಜಿನು ಆರಿಸಿದ್ದರೆ ಬಹುಶಃ ಇಷ್ಟೆಲ್ಲ ಬರೆಯುವ ಪ್ರಸಂಗವೇ ಇರುತ್ತಿರಲಿಲ್ಲ.

ಕಾರನ್ನು ಎಳೆಸಿಕೊಂಡು ಪುಣೆಗೆ ಹಿಂದಿರುಗಿದೆವು. ಹೆಡ್ ಗ್ಯಾಸ್ಕೆಟ್ ಸುಟ್ಟಿತ್ತು. ಎಂಜಿನಿನ ಕೆಳಭಾಗಕ್ಕೆ ಬ್ಲಾಕ್ ಎಂದೂ ಮೇಲಿನ ಮುಚ್ಚಳಕ್ಕೆ ಸಿಲಿಂಡರ್ ಹೆಡ್ ಎಂದೂ ಹೆಸರು. ಇವೆರಡರ ನಡುವೆ ಕೂರುವ ತೆಳುವಾದ ಹಾಳೆಯೇ ಗ್ಯಾಸ್ಕೆಟ್. ಉರಿಯುವ ಅನಿಲ, ಎಣ್ಣೆ, ತಂಪುನೀರು, ಈ ಮೂರೂ ಒಂದರ ಮನೆಗೆ ಇನ್ನೊಂದು ನುಗ್ಗದಂತೆ ಅದು ಕಾಯುತ್ತದೆ. ನಮ್ಮ ಅಡಿಗೆಮನೆಯ ಕುಕ್ಕರಿನ ರಬ್ಬರು ಬಳೆಯ ದೊಡ್ಡಣ್ಣನೆನ್ನಿ.

ನಮ್ಮ ಪೇಟೆಯ ಗ್ಯಾರೇಜಿನ ಮೇಸ್ತ್ರಿ ವಿಜಯಪುರದ ಕಡೆಯವನು. ಪರಊರಿನಲ್ಲಿ ಕನ್ನಡ ಕಿವಿಗೆ ಬಿದ್ದರೆ ನಮ್ಮ ವಿವೇಕ ಅರ್ಧ ಕರಗುತ್ತದೆ. ಜಾಬ್ ಕಾರ್ಡ್ ಬರೆಯಿಸಿಕೊಳ್ಳಿರೆಂದು ಮನೆಯವರು ಹೇಳಿದರು. 'ನಮ್ಮವನ ಹತ್ತಿರ ಎಂಥ ಕಾಗದ ಪತ್ರ!' ಎಂದು ನಾವು ತಳ್ಳಿಹಾಕಿದೆವು. ಮೇಲಾಗಿ ಎರಡೇ ದಿನದಲ್ಲಿ ಆಗಬೇಕೆಂದು ತಗಾದೆ ಬೇರೆ ಮಾಡಿದೆವು. ಹೇಳಿದಂತೆ ಎರಡು ದಿನಕ್ಕೆ ಕಾರು ಬಂತು. ಹದಿನಾಲ್ಕು ಸಾವಿರ ರೂಪಾಯಿ ಎಣಿಸಿ ಕೊಟ್ಟೆವು, ರಸೀದಿ ಕೇಳಲಿಲ್ಲ.

ಒಂದು ದಿನ ಊರೊಳಗೆ ಓಡಾಡಿ, ಮರುದಿನ ಬೆಳಿಗ್ಗೆ ಪ್ರಯಾಣಕ್ಕೆ ಸಿದ್ಧರಾದೆವು. ಅಮ್ಮ ಅಕ್ಕನಿಗೆಂದು ಕಟ್ಟಿದ ಉಂಡಿಯ ಡಬ್ಬಿ ಹಿಡಿದು ಆಗಲೇ ಕುಳಿತಾಗಿತ್ತು. ನೋಡಿದರೆ ನೀರಿನ ಡಬ್ಬಿ ಗೆರೆಗಿಂತ ಬಹಳ ಕೆಳಗಿಳಿದಿತ್ತು. ನೆಲದ ಮೇಲೆ ಒಂದು ಹನಿಯೂ ಇಲ್ಲ. ಎಂಜಿನು ಚಾಲೂ ಮಾಡಿದರೆ ಹಿಂದಿನ ಕೊಳವೆಯಿಂದ ಬಿಳಿಯ ಹೊಗೆ, ಅದಕ್ಕೊಂದು ಸಿಹಿ ವಾಸನೆ. ಎಣ್ಣೆಯ ಮುಚ್ಚಳ ತೆಗೆದರೆ ಒಳಗೆ ಹಾಲು ಬೆರೆಸಿದ ಕಾಫಿಯಂಥ ನೊರೆ. ಚಳಿಗಾಲದ ಬೆಳಗಿನಲ್ಲಿ ತುಸು ಬಿಳಿ ಹಬೆ ಬರುವುದು ಸಹಜ. ಸಣ್ಣ ಸಣ್ಣ ಓಡಾಟದಿಂದಲೂ ಮುಚ್ಚಳದಲ್ಲಿ ಸ್ವಲ್ಪ ನೊರೆ ಕಟ್ಟುವುದುಂಟು. ಆದರೆ ಏಪ್ರಿಲಿನ ಸೆಕೆಯಲ್ಲಿ ಮೂರೂ ಲಕ್ಷಣಗಳು ಒಟ್ಟಿಗೆ ಕಂಡರೆ ನೀರು ಎಂಜಿನಿನೊಳಗೆ ಹೋಗುತ್ತಿದೆಯೆಂದೇ ತಿಳಿಯಬೇಕು. ಅಮ್ಮನನ್ನು ಇಳಿಸಿಕೊಂಡೆವು. ಆಕೆ ಏನೂ ಅನ್ನಲಿಲ್ಲ. ಅದೇ ನಮಗೆ ಹೆಚ್ಚು ನೋವಾಯಿತು.

ಸಿಟ್ಟಿನಲ್ಲಿ ನೇರ ಗ್ಯಾರೇಜಿಗೆ ನುಗ್ಗುವವರಿದ್ದೆವು. 'ಜಗಳಾ ಆಡಿದ್ರ ಎಂಜಿನು ರಿಪೇರಿ ಆಗತದೇನು?' ಎಂದರು ಅಮ್ಮ. ಆ ಮಾತು ನಾಟಿತು. ಮೊದಲು ಬೇರೊಂದು ಗ್ಯಾರೇಜಿಗೆ ಒಯ್ದೆವು, ಆದರೆ ಬಿಚ್ಚಗೊಡಲಿಲ್ಲ. ಎರಡನೆಯವನು ಬಿಚ್ಚಿದರೆ 'ಅವನೇ ಕೆಡಿಸಿದ' ಎನ್ನಲು ಮೊದಲನೆಯವನಿಗೆ ದಾರಿಯಾಗುತ್ತದಲ್ಲವೆ? ಅಲ್ಲಿ ರೇಡಿಯೇಟರಿಗೆ ಒತ್ತಡ ಕೊಟ್ಟು ನೋಡಿದರು. ಹೊರಗೆಲ್ಲೂ ಸೋರದೆಯೇ ಒತ್ತಡ ಇಳಿಯಿತು. ಬಳಿಕ ನೀಲಿ ಬಣ್ಣದ ದ್ರವವೊಂದರ ಮೂಲಕ ರೇಡಿಯೇಟರಿನ ಗಾಳಿಯನ್ನು ಹಾಯಿಸಿದರು, ದ್ರವ ಹಳದಿಯಾಯಿತು. ಉರಿದ ಅನಿಲ ನೀರಿನಲ್ಲಿ ಸೇರಿದೆಯೆಂಬುದಕ್ಕೆ ಅದೇ ಸಾಕ್ಷಿ. ಇಷ್ಟನ್ನೂ ತಾರೀಖು ಹಾಕಿ ಬರೆಯಿಸಿಕೊಂಡೆವು.

ಆ ಕಾಗದ ಹಿಡಿದು ಮೇಸ್ತ್ರಿಯ ಬಳಿಗೆ ಹೋಗಿ, ನಮ್ಮೆದುರಿಗೇ ಬಿಚ್ಚಲು ಹೇಳಿದೆವು. ಹೆಡ್ಡಿನ ತಳಕ್ಕೆ ಉಕ್ಕಿನ ನೇರಪಟ್ಟಿ ಇಟ್ಟು ಸಂದಿಯನ್ನು ಫೀಲರ್ ಗೇಜಿನಿಂದ ಅಳೆದಾಗ 0.15 ಮಿಲಿಮೀಟರ್ ಬಂತು. ಬಹಳಷ್ಟು ಎಂಜಿನುಗಳಲ್ಲಿ 0.05ರ ಆಸುಪಾಸಿಗಿಂತ ಹೆಚ್ಚಿರಬಾರದು. ಅಲ್ಯೂಮಿನಿಯಂ ಹೆಡ್ಡು ಅತಿಯಾಗಿ ಕಾದರೆ ಡೊಂಕಾಗುತ್ತದೆ. ಅದನ್ನು ಮಷೀನಿನಲ್ಲಿ ಸಮತಟ್ಟು ಮಾಡಿಸದೆ ಹೊಸ ಗ್ಯಾಸ್ಕೆಟ್ ಹಾಕಿದರೆ ಬಾಗಿದ ಪಾತ್ರೆಗೆ ಮುಚ್ಚಳ ಮುಚ್ಚಿದಂತೆ. ಹಳೆಯ ಬೋಲ್ಟುಗಳನ್ನೇ ಮತ್ತೆ ಬಿಗಿದಿದ್ದ. ಈಗಿನ ಅನೇಕ ಎಂಜಿನುಗಳಲ್ಲಿ ಈ ಬೋಲ್ಟುಗಳು ಬಿಗಿದಾಗ ಹಿಗ್ಗುವಂಥವು, ಒಮ್ಮೆಗೇ ಸರಿ, ನಮ್ಮದೂ ಅಂಥದೇ. ಅವನ್ನು ಟಾರ್ಕ್ ರೆಂಚಿನಿಂದ ನಡುವಿನಿಂದ ಅಂಚಿನ ಕಡೆಗೆ, ಹಂತಹಂತವಾಗಿ ಬಿಗಿಯಬೇಕು. ಇವನು ಕೈಯಳತೆಯ ಮೇಲೆ ಬಿಗಿದಿದ್ದ.

ಮೇಸ್ತ್ರಿ ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, 'ತಪ್ಪು ನಂದ ಸಾಹೇಬ್ರ. ಮಷೀನಿಗೆ ಕಳಿಸಿದ್ರ ಮತ್ತ ಮೂರು ದಿನ ಆಗತಿತ್ತು. ನೀವು ಎರಡ ದಿನದಾಗ ಬೇಕಂದ್ರಿ' ಎಂದ. ಅವಸರ ನಮ್ಮದು ನಿಜ. ಆದರೆ 'ಎರಡು ದಿನದಲ್ಲಾಗದು' ಎಂದು ಹೇಳುವುದು ಅವನ ಧರ್ಮವಾಗಿತ್ತು. ಕೊನೆಗೆ ಹೀಗೆ ತೀರ್ಮಾನವಾಯಿತು: ಕೂಲಿ ಮತ್ತು ಮಷೀನಿನ ಖರ್ಚು ಅವನದು, ಹೊಸ ಗ್ಯಾಸ್ಕೆಟ್ ಅವನದು, ಹೊಸ ಬೋಲ್ಟು, ಎಣ್ಣೆ, ಕೂಲಂಟ್ ನಮ್ಮದು. ಈ ಸಲ ಜಾಬ್ ಕಾರ್ಡಿನಲ್ಲಿ ಆರು ತಿಂಗಳ ಹೊಣೆಯನ್ನೂ ಬರೆಯಿಸಿದೆವು. ಹಳೆಯ ಗ್ಯಾಸ್ಕೆಟ್ಟನ್ನು ಕೇಳಿ ತೆಗೆದುಕೊಂಡೆವು.

ಅವನು ಒಪ್ಪದಿದ್ದರೆ? 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಕೆಟ್ಟ ರಿಪೇರಿಯೂ ಸೇವೆಯ ನ್ಯೂನತೆಯೇ. ಎರಡು ವರ್ಷಗಳೊಳಗೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬಹುದು. ದೂರುದಾರನು ತಾನು ವಾಸಿಸುವ ಊರಿನಲ್ಲಿಯೇ ಕೊಡಬಹುದೆಂಬುದು ಊರಿಂದೂರಿಗೆ ವರ್ಗವಾಗುವ ನಮ್ಮಂಥವರಿಗೆ ಅನುಕೂಲ. ಕೊಟ್ಟ ಹಣ ಐದು ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವಿಲ್ಲ. ಅದಕ್ಕೂ ಮುನ್ನ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಿದೆ. ಆದರೆ ಅಲ್ಲೆಲ್ಲ ಮೊದಲು ಕೇಳುವುದು ರಸೀದಿಯನ್ನೇ. ಆ ಮೊದಲ ಹದಿನಾಲ್ಕು ಸಾವಿರಕ್ಕೆ ನಮ್ಮ ಬಳಿ ಏನಿತ್ತು? ಮೇಸ್ತ್ರಿಯ ಪ್ರಾಮಾಣಿಕತೆಯೊಂದೇ. ಎಲ್ಲರಿಗೂ ಅಂಥ ಅದೃಷ್ಟವಿರುವುದಿಲ್ಲ.

ಓದುಗರಿಗೆ ನಮ್ಮ ಬಿನ್ನಹವಿಷ್ಟೆ. ಎಂಜಿನು ಬಿಚ್ಚಿಸುವಾಗ ಏನೇನು ಮಾಡುವರೆಂದು ಬರೆಯಿಸಿಕೊಳ್ಳಿರಿ. ಹೆಡ್ಡನ್ನು ಅಳೆದರೆ? ಬೋಲ್ಟು ಹೊಸದೆ? ಎಂದು ಕೇಳಲು ಸಂಕೋಚ ಬೇಡ. ಕಾರು ಬಂದ ಮೇಲೆ ಒಂದು ವಾರ, ಪ್ರತಿದಿನ ಬೆಳಿಗ್ಗೆ ಎಂಜಿನು ತಣ್ಣಗಿರುವಾಗ, ನೀರನ್ನೂ ಎಣ್ಣೆಯನ್ನೂ ನೋಡಿರಿ. ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳವನ್ನು ಮಾತ್ರ ಮುಟ್ಟಬೇಡಿರಿ. ಎಲ್ಲಕ್ಕಿಂತ ಹೆಚ್ಚಾಗಿ, ಅವಸರಿಸಬೇಡಿರಿ.

ಆರನೆಯ ದಿನ ಕಾರು ಬಂತು. ಒಂದು ವಾರ ಪರೀಕ್ಷಿಸಿ, ಮೇ ತಿಂಗಳಲ್ಲಿ ಹೊರಟೆವು. ಖಂಬಾಟಕಿಯ ಏರಿನುದ್ದಕ್ಕೂ ಹಿಂದಿನ ಸೀಟಿನಿಂದ ಒಂದೇ ಪ್ರಶ್ನೆ: 'ಮುಳ್ಳು ಎಲ್ಲಿ ಅದ?' ನಡುವೆಯೇ ಇತ್ತು. ಸಂಜೆ ಧಾರವಾಡದಲ್ಲಿ ಹೊಸದಾಗಿ ಕಟ್ಟಿದ ಉಂಡಿಯ ಡಬ್ಬಿಯನ್ನು ನಡುವೆ ಇಟ್ಟುಕೊಂಡು ಅಕ್ಕತಂಗಿಯರು ಮಾತಿಗೆ ಕುಳಿತರು. ನಾವು ಹೊರಗೆ ಬಂದು, ಎಂಜಿನು ಆರಿದ ಮೇಲೆ, ನೀರಿನ ಡಬ್ಬಿ ನೋಡಿದೆವು. ಗೆರೆಯಷ್ಟೇ ಇತ್ತು.