ಐದರ ಲೆಕ್ಕದ ಪೆಟ್ಟಿಗೆ

ಔರಾದ, ಭಾಲ್ಕಿಗಳ ತೊಗರಿಯು ಬೀದರಿನ ಪೇಟೆಗೆ ಚೀಲಗಳಲ್ಲಿ ಬರುವುದನ್ನು ವಾಚಕರು ಬಲ್ಲರು. ಹೇರುವಾಗಲೂ ಇಳಿಸುವಾಗಲೂ ಹಮಾಲನ ಬೆನ್ನೇ ಅದಕ್ಕೆ ಆಧಾರ.

ಹಡಗಿನ ಸರಕೂ ಹಿಂದೆ ಹೀಗೆಯೇ ಸಾಗುತ್ತಿದ್ದಿತು. 1956ರಲ್ಲಿ ಅಮೆರಿಕದ ಮ್ಯಾಲ್ಕಂ ಮ್ಯಾಕ್ಲೀನನು 58 ಲೋಹದ ಪೆಟ್ಟಿಗೆಗಳನ್ನು ಒಂದೇ ಹಡಗಿನಲ್ಲಿ ಕಳುಹಿಸಿದನು. ಆದರೆ ಅವನವು 35 ಅಡಿ, ಮ್ಯಾಟ್ಸನ್ ಕಂಪೆನಿಯವು 24 ಅಡಿ! ಮೂಲೆಯ ಕೊಂಡಿಯ ಪೇಟೆಂಟನ್ನು ಅವನ ಕಂಪೆನಿಯು ಬಿಟ್ಟುಕೊಟ್ಟ ಮೇಲಲ್ಲವೇ ಎಲ್ಲರ ಪೆಟ್ಟಿಗೆಗೂ ಒಂದೇ ಬಗೆಯ ಮೂಲೆ ದೊರೆತುದು?

‘ಸ್ಪೇಸ್ ಇಂಜಿನಿಯರ್ಸ್’ ಎಂಬ ಕಂಪ್ಯೂಟರ್ ಆಟದಲ್ಲಿ ಆಕಾಶನೌಕೆ ಕಟ್ಟುವ ಮಕ್ಕಳಿಗೂ ಇದೇ ತೊಡಕು. ಅಲ್ಲಿ ದೊಡ್ಡ ಇಟ್ಟಿಗೆ ಎರಡೂವರೆ ಮೀಟರು, ಚಿಕ್ಕದು ಅರ್ಧ ಮೀಟರು. ಆದುದರಿಂದ ಚಿಕ್ಕ ಇಟ್ಟಿಗೆಯ ಪೆಟ್ಟಿಗೆಯನ್ನು ಐದೈದರ ಲೆಕ್ಕದಲ್ಲಿ ಕಟ್ಟಿ, ಕೊಂಡಿಯನ್ನು ಎಲ್ಲದರಲ್ಲಿಯೂ ಒಂದೇ ಕಡೆ ಇಟ್ಟರೆ ಮಾತ್ರ ಅದು ಯಾವ ನೌಕೆಗೂ ಹೊಂದುವುದು. ನಮ್ಮ ಮನೆಯ ಹುಡುಗನು ಮೊದಲು ಬಣ್ಣ ಬಳಿದನು, ಕೊಂಡಿಯನ್ನು ಕೊನೆಗೆ ನೆನೆದನು. ಪೆಟ್ಟಿಗೆಯನ್ನೇ ಒಡೆಯಬೇಕಾಯಿತು.